ಊರಿನ ಗದ್ದೆಗೆ ಸಿಗುವ ನೆರವು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಏಳನೆಯ ಇಯತ್ತೆ ಮುಗಿಸಿ ಮುಂಬಯಿಗೆ ಬಂದು ಕಪ್ಪು-ಬಸಿ ತೊಳೆದವನು. ಇಂದು ಸಂಬಳ, ರಜೆಗಳ ಮಾತನ್ನು ಬದಿಗಿಟ್ಟು ಊರಿನ ಗದ್ದೆಯ ವಿಷಯವಾಗಿ ಎರಡು ಮಾತು ಹೇಳಬೇಕೆಂದಿದ್ದೇನೆ. ನಾವು ಉಡುಪಿ, ಕುಂದಾಪುರದ ಕಡೆಯವರಿರಲಿ, ವಿಜಾಪುರ, ಕಲಬುರ್ಗಿಯ ಕಡೆಯವರಿರಲಿ, ನಮ್ಮ ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಊರಿನ ಮಣ್ಣಿನಲ್ಲಿ. 1982ರಲ್ಲಿ ಗಿರಣಿ ಮುಷ್ಕರವಾದಾಗ ಕೆಲಸ ಕಳೆದುಕೊಂಡ ಎಷ್ಟೋ ಮಂದಿಗೆ ಊರಿನ ತುಂಡು ಭೂಮಿಯೇ ಆಸರೆಯಾಯಿತು. ಆ ಭೂಮಿಯನ್ನು ಉಳಿಸಿಕೊಳ್ಳಲು ನಾವು ಏನು ಮಾಡುತ್ತಿದ್ದೇವೆ? ತಿಂಗಳು ತಿಂಗಳು ಹಣ ಕಳುಹಿಸುತ್ತೇವೆ. ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತೇವೆ.

ಮೊದಲು ಒಂದು ಲೆಕ್ಕ ನೋಡಿ. ಬಿತ್ತನೆಗೆ, ಗೊಬ್ಬರಕ್ಕೆ ಎಂದು ಮನೆಯವರು ಊರಿನ ಸಾಹುಕಾರರಿಂದ 50,000 ರೂಪಾಯಿ ತಂದರೆನ್ನಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ವರ್ಷಕ್ಕೆ 18,000 ರೂಪಾಯಿ ಬಡ್ಡಿಯೇ ಆಯಿತು! ಅದೇ ಹಣವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ ಬ್ಯಾಂಕಿನಿಂದ ತಂದರೆ ನೂರಕ್ಕೆ ವರ್ಷಕ್ಕೆ 7 ರೂಪಾಯಿ. ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ 4 ರೂಪಾಯಿ ಮಾತ್ರ. ಅಂದರೆ ವರ್ಷಕ್ಕೆ 2,000. ಈ ಯೋಜನೆ 1998ರಲ್ಲಿ ಹುಟ್ಟಿತು. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಈ ಬಡ್ಡಿ ರಿಯಾಯಿತಿಯನ್ನು 2025-26ರ ಸಾಲಿಗೂ ಮುಂದುವರಿಸಿದರು. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಸ್ತಿಯ ಅಡವು ಕೇಳಕೂಡದೆಂದು ರಿಸರ್ವ್ ಬ್ಯಾಂಕು ಹೇಳಿದೆ. ಹೀಗಿರುವಾಗ ಉಳಿದ 16,000 ರೂಪಾಯಿಯನ್ನು ಸಾಹುಕಾರರಿಗೆ ಏಕೆ ಕೊಡಬೇಕು? ಅದು ನಮ್ಮ ಬೆವರಿನ ಹಣವಲ್ಲವೇ?

ಇನ್ನು ಸಹಕಾರಿ ಸಂಘಗಳ ಮಾತು. ಭಾರತದಲ್ಲೇ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದು ನಮ್ಮ ನಾಡಿನ ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಆದರೂ 1951-52ರಲ್ಲಿ ದೇಶದಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ನಡೆದಾಗ, ರೈತನು ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳದು ಸುಮಾರು ಮೂರೇ ರೂಪಾಯಿ ಎಂದು ತಿಳಿದುಬಂತು. ಸಂಘವಿದ್ದರೆ ಸಾಲದು, ಅದಕ್ಕೆ ನಾವು ಸೇರಬೇಕು. ಕರ್ನಾಟಕ ಸರಕಾರವು 2023ರ ಮುಂಗಡಪತ್ರದಲ್ಲಿ ಸಹಕಾರಿ ಸಂಘಗಳ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಒಂದನ್ನು ನೆನಪಿಡಿ: ವಾಯಿದೆ ತಪ್ಪಿದರೆ ಸವಲತ್ತೂ ತಪ್ಪುತ್ತದೆ. ಬೆಳೆಯ ಹೆಸರಿನಲ್ಲಿ ತಂದ ಸಾಲವನ್ನು ತಂಗಿಯ ಮದುವೆಗೆ ಸುರಿದರೆ ಗದ್ದೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ.

"ನನಗೆ ಭೂಮಿಯೇ ಇಲ್ಲವಲ್ಲ, ಅಣ್ಣ" ಎನ್ನುವವರು ಇಲ್ಲಿ ಇದ್ದಾರೆ. ಅವರೂ ಕೈಕಟ್ಟಿ ಕೂರಬೇಕಾಗಿಲ್ಲ. 2018-19ರಿಂದ ಈ ಕಾರ್ಡು ಹಸು, ಕೋಳಿ, ಮೀನು ಸಾಕುವವರಿಗೂ ಉಂಟು. ಗೇಣಿಗೆ ಗದ್ದೆ ಮಾಡುವವರು ನಾಲ್ಕಾರು ಮಂದಿ ಜಂಟಿ ಹೊಣೆಯ ಗುಂಪು ಕಟ್ಟಿಕೊಂಡು ಸಾಲ ಕೇಳಬಹುದು.

ಸಾಲವಲ್ಲದ ನೆರವೂ ಇದೆ. ಪಿಎಂ-ಕಿಸಾನ್ ಎಂಬ ಯೋಜನೆಯಲ್ಲಿ ಭೂಮಿಯುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಆದಾಯ ತೆರಿಗೆ ಕಟ್ಟುವವರಿಗೆ ಇದು ಸಿಗದು.

ಇಲ್ಲಿಯೇ ನಮ್ಮ ಕಾಲಿಗೆ ಕಲ್ಲು ತಾಗುವುದು. ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. 1974ರ ಭೂಸುಧಾರಣೆಯ ಕಾಲದಲ್ಲಿ ಅಜ್ಜ ಡಿಕ್ಲರೇಶನ್ ಕೊಟ್ಟು ಒಕ್ಕಲು ಮಾಡುತ್ತಿದ್ದ ಗದ್ದೆಯನ್ನು ಪಡೆದರು. ಅಜ್ಜ ತೀರಿಕೊಂಡರು, ಆಮೇಲೆ ಅಪ್ಪನೂ ತೀರಿಕೊಂಡರು. ಪಹಣಿಯಲ್ಲಿ ಮಾತ್ರ ಅಜ್ಜ ಇನ್ನೂ ಬದುಕಿದ್ದರು! ಉಳುವವಳು ಅಮ್ಮ; ಕಾಗದದಲ್ಲಿ ಅವಳ ಹೆಸರೇ ಇಲ್ಲ. ಕಂತಿನ ಹಣವೂ ಇಲ್ಲ, ಸೊಸೈಟಿಯ ಸಾಲವೂ ಇಲ್ಲ. ಅಮ್ಮ ಸಾಹುಕಾರರ ಬಳಿಗೆ ಹೋದಳು. ಆ ಬಡ್ಡಿಯನ್ನು ನಾನು ಇಲ್ಲಿ ರಾತ್ರಿ ಪಾಳಿ ಮಾಡಿ ನಾಲ್ಕು ವರ್ಷ ಕಟ್ಟಿದೆ. ತಪ್ಪು ಸಾಹುಕಾರರದು ಮಾತ್ರವಲ್ಲ, ನನ್ನದೂ ಹೌದು. ವರ್ಷ ವರ್ಷ ಊರಿಗೆ ಹೋದವನು ಒಂದು ದಿನವಾದರೂ ಪಹಣಿ ತೆಗೆದು ನೋಡಿದವನಲ್ಲ.

ಆದ್ದರಿಂದ ಮೊದಲು ಪಹಣಿ ನೋಡಿ. ಸತ್ತವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ಮರಣವನ್ನು ಒಂದು ವರ್ಷದೊಳಗೆ ಬರೆಯಿಸದೆ ಬಿಟ್ಟಿದ್ದರೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗುತ್ತದೆ, ಅಲೆದಾಟ ಹೆಚ್ಚು. ಖಾತೆಯಾದ ಮೇಲೆ ಫ್ರೂಟ್ಸ್ ಎಂಬ ಸರಕಾರಿ ದಾಖಲೆಯಲ್ಲಿ ಹೆಸರು ಬರೆಯಿಸಿ ರೈತನ ಗುರುತಿನ ಸಂಖ್ಯೆ ಪಡೆಯಿರಿ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿ. ಆಧಾರಿನಲ್ಲಿ ಯಾರ ಮೊಬೈಲ್ ಇದೆ ಎಂಬುದನ್ನೂ ನೋಡಿ. ಅಮ್ಮ ಊರಿನಲ್ಲಿ, ಗುಟ್ಟಿನ ಸಂಖ್ಯೆ ಬರುವ ಫೋನು ಇಲ್ಲಿ ನಮ್ಮ ಜೇಬಿನಲ್ಲಿ ಎಂದಾದರೆ ಕೆಲಸ ಕೆಡುತ್ತದೆ. ಆ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬೇಡಿ. "ಕಂತು ಕೊಡಿಸುತ್ತೇನೆ, ಪಾಲು ಕೊಡು" ಎನ್ನುವ ದಲ್ಲಾಳಿಗಳನ್ನು ಬಾಗಿಲಿನಿಂದಲೇ ಕಳುಹಿಸಿ.

ಕೊನೆಗೆ ಮಕ್ಕಳ ವಿಷಯ. ರೈತರ ಮಕ್ಕಳಿಗೆಂದು ಕರ್ನಾಟಕವು 2021ರಲ್ಲಿ ರೈತ ವಿದ್ಯಾನಿಧಿಯನ್ನು ತೆರೆಯಿತು. ಆಗ ಗೊತ್ತುಮಾಡಿದಂತೆ ಪಿಯುಸಿ, ಐಟಿಐ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಡಾಕ್ಟರು, ಇಂಜಿನಿಯರು ಓದುವವರಿಗೆ 10,000 ಮತ್ತು 11,000. ಇದಕ್ಕೂ ಆ ರೈತ ಸಂಖ್ಯೆಯೇ ಆಧಾರ. ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ಮಕ್ಕಳ ಕಾಲೇಜಿನಲ್ಲಿ ವಿಚಾರಿಸಿ. ಡಿಗ್ರಿ ಮುಗಿಸಿದವರಿಗೆ ಸ್ಟೇಟ್ ಬ್ಯಾಂಕಿನವರು 2011ರಲ್ಲಿ ಆರಂಭಿಸಿದ ಯೂಥ್ ಫಾರ್ ಇಂಡಿಯಾ ಎಂಬ ಫೆಲೋಶಿಪ್ ಇದೆ. 13 ತಿಂಗಳು ಹಳ್ಳಿಯಲ್ಲಿದ್ದು ಕೆಲಸ ಮಾಡಬೇಕು, ಖರ್ಚಿಗೆ ತಿಂಗಳು ತಿಂಗಳು ಹಣ ಕೊಡುತ್ತಾರೆ. ಹೋಟೆಲಿನವನ ಮಗಳು ಹಳ್ಳಿಗೆ ಹೋಗಿ ಹತ್ತು ಮನೆಗೆ ದಾರಿ ತೋರಿಸಿದರೆ ನಮಗೆ ಅದಕ್ಕಿಂತ ಹೆಚ್ಚಿನ ಹೆಮ್ಮೆ ಏನಿದೆ?

ಬಂಧುಗಳೇ, ಇನ್ನೊಮ್ಮೆ ರಜೆಯ ಮೇಲೆ ಊರಿಗೆ ಹೋಗುವಾಗ ಹತ್ತು ದಿನದಲ್ಲಿ ಎಂಟು ದಿನ ಮದುವೆಗೆ, ಕೋಲಕ್ಕೆ, ಆಟಕ್ಕೆ ಧಾರಾಳವಾಗಿ ಕೊಡಿ. ಎರಡು ದಿನ ಮಾತ್ರ ನಾಡಕಚೇರಿಗೂ ಸೊಸೈಟಿಗೂ ಕೊಡಿ. ನಾನು ಹಾಗೆ ಮಾಡಿದೆ. ಎರಡು ದಿನದಲ್ಲಿ ಮುಗಿಯಲಿಲ್ಲ, ಮೂರು ಸಲ ಹೋಗಬೇಕಾಯಿತು. ಆದರೆ ಇಂದು ಪಹಣಿಯಲ್ಲಿ ಅಮ್ಮನ ಹೆಸರಿದೆ. ಅರ್ಜಿ ಬರೆಯಲು ಬಾರದವರು ಕಾಗದಪತ್ರ ಹಿಡಿದು ಸಂಘಕ್ಕೆ ಬನ್ನಿ, ಕೂತು ಬರೆಯೋಣ. ಸಂಬಳಕ್ಕಾಗಿ ಒಗ್ಗಟ್ಟಾದ ನಾವು ಗದ್ದೆಗಾಗಿಯೂ ಒಗ್ಗಟ್ಟಾಗೋಣ.