ಯಗಚಿಯ ನೀರು, ಶೋಲಾ ಕಾಡು ಮತ್ತು ನಾವು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಟ್ಟದ ಕಾಡು ಎಂದರೆ ಹಿಮಾಲಯದ ಪೈನ್ ಮರಗಳ ಚಿತ್ರ ಕಣ್ಣಿಗೆ ಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಎತ್ತರದಲ್ಲಿ ಬೆಳೆಯುವ ಅಪರೂಪದ ಕಾಡು ಬೇರೆ. ಅದಕ್ಕೆ ಶೋಲಾ ಎನ್ನುತ್ತಾರೆ. ಬೆಟ್ಟದ ಮೈಯೆಲ್ಲ ಹುಲ್ಲು. ಕಣಿವೆಯ ಮಡಿಲಲ್ಲಿ ಮಾತ್ರ ಪಾಚಿ ಹತ್ತಿದ ಗಿಡ್ಡ ಮರಗಳು. ಮಳೆಗಾಲದ ನೀರನ್ನು ಈ ಹುಲ್ಲು ಮತ್ತು ಕಾಡು ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ನಿಧಾನವಾಗಿ ಹಳ್ಳಕ್ಕೆ ಬಿಡುತ್ತವೆ.

ಇದು ನಮಗೇಕೆ ಎಂದು ಕೇಳಬಹುದು. ಬೇಲೂರಿನ ಯಗಚಿ ಹುಟ್ಟುವುದು ಶೋಲಾ ಕಾಡಿರುವ ಬಾಬಾಬುಡನ್‌ಗಿರಿಯ ಸಾಲಿನಲ್ಲಿ. ಅದೇ ಯಗಚಿಯ ನೀರು ರಣಘಟ್ಟದಿಂದ ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಬರಲೆಂದು ರೈತರು ವರ್ಷಗಟ್ಟಲೆ ಹೋರಾಡಿದರು. ಬೋರ್‌ವೆಲ್ ಬತ್ತಿ ತೆಂಗು ಒಣಗಿದ ನೋವು ಅರಸೀಕೆರೆಯವರಿಗೆ ಗೊತ್ತು. ಕಾಲುವೆ ತೋಡಬಹುದು; ಮೂಲವೇ ಬತ್ತಿದರೆ ಕಾಲುವೆಯಲ್ಲಿ ಹರಿಯುವುದೇನು?

ಮೂಲವನ್ನು ಉಳಿಸಬಹುದು ಎಂಬುದಕ್ಕೆ ನೆರೆಯ ಕುದುರೆಮುಖವೇ ಸಾಕ್ಷಿ. ಶೋಲಾ ಕಾಡು, ಸಿಂಗಳೀಕ, ತುಂಗಾ, ಭದ್ರಾ, ನೇತ್ರಾವತಿಯರ ಮೂಲ ಇರುವ ಸುಮಾರು 600 ಚದರ ಕಿ.ಮೀ. ಪ್ರದೇಶ 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆದರೂ ಅಲ್ಲಿ ಕಬ್ಬಿಣದ ಗಣಿಗಾರಿಕೆ ನಿಲ್ಲಲಿಲ್ಲ. ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಗಣಿಯಿಂದ ಅನ್ನ ಕಂಡವರಿಗೆ ಅದು ಕಷ್ಟದ ಕಾಲ. ಆ ಮಾತನ್ನೂ ಮರೆಯಬಾರದು. ಆದರೆ ಕೆಲಸ ಇನ್ನೊಂದು ಊರಲ್ಲಿ ಸಿಕ್ಕೀತು, ಕಳೆದ ಬೆಟ್ಟ ಮತ್ತೆ ಸಿಗದು.

ವಿದ್ಯಾರ್ಥಿಗಳೇ, ರಕ್ಷಿತ ಪ್ರದೇಶ ನಮಗೆ ಹೊಸ ವಿಚಾರವಲ್ಲ. ಪ್ರವಾದಿಯವರು (ಸ) ಮದೀನಾದ ಸುತ್ತ ಮರ ಕಡಿಯಬಾರದು, ಬೇಟೆಯಾಡಬಾರದು ಎಂದು ಗಡಿ ಹಾಕಿದ್ದರು. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಬೋಧನೆ ನಮ್ಮದು. ಮಸೀದಿಯ ನಲ್ಲಿಯಿಂದಲೇ ಅದನ್ನು ಆರಂಭಿಸೋಣ. ಮುಳ್ಳಯ್ಯನಗಿರಿಗೆ ಹೋದರೆ ಹುಲ್ಲಿಗೆ ಕಿಡಿ ತಾಗದಂತೆ ನೋಡಿಕೊಳ್ಳಿ, ಒಯ್ದ ಪ್ಲಾಸ್ಟಿಕ್ ವಾಪಸು ತನ್ನಿ. ನಿಮ್ಮಲ್ಲಿ ಕೆಲವರಾದರೂ ಅರಣ್ಯ ವಿಜ್ಞಾನ ಓದಿ, ಕಾನೂನು ಓದಿ. ಡಾಕ್ಟರು, ಎಂಜಿನಿಯರು ಮಾತ್ರ ಸಮುದಾಯಕ್ಕೆ ಸಾಲದು. ನೀರಿನ ಮೂಲ ಕಾಯುವವರೂ ಬೇಕು.

ಅಲ್ಲಾಹನು ನಮಗೆಲ್ಲ ಅದರ ತೌಫೀಕ್ ನೀಡಲಿ, ಆಮೀನ್.