ಗ್ಲೌಸ್ ಹಾಕಿದ ಕೈ ಯಾರನ್ನು ಕಾಯುತ್ತೆ?

ಆಸ್ಪತ್ರೆಯಲ್ಲಿ ಸೋಂಕು ಹೇಗೆ ಹರಡುತ್ತೆ, ಅದನ್ನ ತಡೆಯೋದು ಹೇಗೆ ಅಂತ ಜನಕ್ಕೆ ಅರ್ಥ ಆಗೋ ಹಾಗೆ ಹೇಳಿ ಅಂತ ಈ ಸಂಚಿಕೆಗೆ ನನ್ನನ್ನ ಕರೆದಿದ್ದಾರೆ. ವಿಷಯ ದೊಡ್ಡದು. ಆಪರೇಷನ್ ಥಿಯೇಟರಿನ ಗಾಳಿಯಿಂದ ಹಿಡಿದು ಅಡುಗೆಮನೆಯ ನೀರಿನ ತನಕ ಎಲ್ಲವೂ ಅದರೊಳಗೆ ಬರುತ್ತೆ. ಅಷ್ಟನ್ನೂ ಒಂದೇ ಸಲಕ್ಕೆ ಹೇಳೋಕೆ ಹೋದ್ರೆ ನಿಮಗೂ ನಿದ್ದೆ ಬರುತ್ತೆ, ನನಗೂ ಬರುತ್ತೆ. ಹಾಗಾಗಿ ಇವತ್ತು ಒಂದನ್ನೇ ಹಿಡ್ಕೋತೀನಿ. ಕೈ. ಅದರಲ್ಲೂ ಗ್ಲೌಸ್ ಹಾಕಿದ ಕೈ.

ನಾನು ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರಲ್ಲಿ ಸೋಂಕು ನಿಯಂತ್ರಣದ ನರ್ಸ್. ಐಸಿಎನ್ ಅಂತ ಕರೀತಾರೆ. ಕೈಯಲ್ಲೊಂದು ಪ್ಯಾಡು ಹಿಡ್ಕೊಂಡು ವಾರ್ಡ್ ಮೂಲೆಯಲ್ಲಿ ನಿಂತು, ಯಾರು ಯಾವಾಗ ಕೈ ಶುದ್ಧ ಮಾಡಿಕೊಂಡರು, ಯಾರು ಮಾಡಿಕೊಳ್ಳಲಿಲ್ಲ ಅಂತ ಗೀಟು ಹಾಕೋದು ನನ್ನ ಕೆಲಸದ ಒಂದು ಭಾಗ. ಅದಕ್ಕೇ ವಾರ್ಡಿನಲ್ಲಿ ನನ್ನನ್ನ ಕಂಡ್ರೆ ಅಷ್ಟೇನೂ ಪ್ರೀತಿ ಇಲ್ಲ ಅನ್ನಿ.

ಕೋವಿಡ್ ಬಂದು ಹೋದ ಮೇಲೆ ಒಂದು ಬದಲಾವಣೆ ಎದ್ದು ಕಾಣುತ್ತೆ. ಮೊದಲು ಗ್ಲೌಸ್ ಅಂದ್ರೆ ಲೆಕ್ಕ ಹಾಕಿ ಕೊಡೋ ಸಾಮಾನು. ಈಗ ಎಲ್ಲರ ಕೈಯಲ್ಲೂ ಗ್ಲೌಸ್. ರೋಗಿಯ ಕಡೆಯವರಿಗೂ ಅದು ನೋಡೋಕೆ ಸಮಾಧಾನ. ಗ್ಲೌಸ್ ಹಾಕಿದ ಸಿಸ್ಟರ್ ಬಂದ್ರೆ 'ಕ್ಲೀನ್' ಅಂತ ಲೆಕ್ಕ, ಬರಿಗೈಲಿ ಮುಟ್ಟಿದ್ರೆ ಮುಖ ಸಿಂಡರಿಸ್ತಾರೆ. ಆದ್ರೆ ಮೂಲೆಯಲ್ಲಿ ನಿಂತು ನೋಡೋಳಿಗೆ ಕಾಣೋದೇ ಬೇರೆ. ಒಂದೇ ಜೊತೆ ಗ್ಲೌಸ್. ಮೊದಲ ಬೆಡ್ಡಿನಲ್ಲಿ ಗಾಯ ನೋಡಿದ್ದಾಯ್ತು, ಎರಡನೇ ಬೆಡ್ಡಿನಲ್ಲಿ ಡ್ರಿಪ್ ಸರಿ ಮಾಡಿದ್ದಾಯ್ತು, ನಡುವೆ ಕೇಸ್ ಶೀಟ್ ಬರೆದದ್ದಾಯ್ತು, ಜೇಬಿನಿಂದ ಮೊಬೈಲ್ ತೆಗೆದದ್ದಾಯ್ತು, ಮೂರನೇ ಬೆಡ್ಡಿನ ಅಜ್ಜಿಯ ಕ್ಯಾನುಲಾ ಮುಟ್ಟಿದ್ದಾಯ್ತು. ಕೈ ಒಳಗಡೆ ಚೊಕ್ಕವಾಗಿದೆ. ಹೊರಗಡೆ ಮೂರು ಬೆಡ್ಡಿನ ಮೈ ಇದೆ.

ಕ್ರಿಮಿಗೆ ಚರ್ಮ, ರಬ್ಬರ್ ಅನ್ನೋ ಭೇದ ಇಲ್ಲ. ಎರಡಕ್ಕೂ ಅಂಟಿಕೊಂಡು ಮುಂದಿನ ಬೆಡ್ಡಿಗೆ ಹೋಗುತ್ತೆ. ಬರಿಗೈ ಆಗಿದ್ರೆ ಏನಾದ್ರೂ ಒದ್ದೆ ತಾಕಿದ ತಕ್ಷಣ ನಮಗೇ ಅಸಹ್ಯ ಆಗಿ ತೊಳ್ಕೋತೀವಿ. ಗ್ಲೌಸ್ ಆ ಅಸಹ್ಯವನ್ನೇ ಕಿತ್ಕೊಂಡುಬಿಡುತ್ತೆ.

ಗ್ಲೌಸ್ ಹುಟ್ಟಿದ ಕಥೆ ಗೊತ್ತಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ವಿಯೆನ್ನಾದ ಸೆಮ್ಮೆಲ್‌ವೈಸ್ ಕಥೆಯನ್ನ ಎಲ್ಲರೂ ಹೇಳ್ತಾರೆ, ಅದನ್ನ ಬಿಡ್ತೀನಿ. ಇದು ಅಮೆರಿಕದ ಬಾಲ್ಟಿಮೋರ್‌ನದು. ಅಲ್ಲಿಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅನ್ನೋ ಸರ್ಜನ್ ಇದ್ರು. ಅವರ ಥಿಯೇಟರ್ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಆಗ ಆಪರೇಷನ್‌ಗೆ ಮುಂಚೆ ಕೈಯನ್ನ ಪಾದರಸದ ದ್ರಾವಣದಲ್ಲಿ ಅದ್ದಬೇಕಿತ್ತು. ಆಕೆಯ ಕೈ ಚರ್ಮ ಸುಟ್ಟ ಹಾಗಾಗಿ ಕೆಲಸ ಮಾಡೋದೇ ಕಷ್ಟ ಆಯ್ತು. 1889-90ರ ಚಳಿಗಾಲದಲ್ಲಿ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ರಬ್ಬರ್ ಗ್ಲೌಸ್ ಮಾಡಿಸಿಕೊಟ್ರು. ಆಮೇಲೆ 1890ರಲ್ಲಿ ಅವರಿಬ್ಬರೂ ಮದುವೆ ಆದ್ರು, ಅದು ಬೇರೆ ಮಾತು. ಆ ಗ್ಲೌಸ್ ಮಾಡಿಸಿದ್ದು ನರ್ಸಿನ ಕೈ ಉಳಿಸೋಕೆ, ರೋಗಿಯ ಹೊಟ್ಟೆ ಉಳಿಸೋಕಲ್ಲ. ಸ್ಟೆರೈಲ್ ಗ್ಲೌಸ್ ಹಾಕಿ ಆಪರೇಷನ್ ಮಾಡಿದ್ರೆ ಗಾಯ ಕೀವಾಗೋದು ಕಮ್ಮಿ ಅನ್ನೋದನ್ನ ಅದೇ ಆಸ್ಪತ್ರೆಯ ಬ್ಲಡ್‌ಗುಡ್ ಅನ್ನೋರು ಲೆಕ್ಕ ಕೊಟ್ಟು ತೋರಿಸಿದ್ದು ಅದಾಗಿ ಸುಮಾರು ಹತ್ತು ವರ್ಷದ ನಂತರ.

ಇವತ್ತಿಗೂ ವಾರ್ಡಿನಲ್ಲಿ ಡಬ್ಬದಿಂದ ಎಳೆದು ಹಾಕ್ಕೊಳ್ಳೋ ಗ್ಲೌಸ್ ಕ್ಯಾರೊಲಿನ್ ಅವರ ಗ್ಲೌಸೇ. ಹಾಕಿದವರನ್ನ ಕಾಯೋಕೆ ಇರೋದು. ರಕ್ತ, ಮೂತ್ರ, ಮಲ, ಕೀವು ಮುಟ್ಟಬೇಕಾದಾಗ ಬೇಕು. ಬಿಪಿ ನೋಡೋಕೆ ಬೇಡ. ನಾಡಿ ಹಿಡಿಯೋಕೆ ಬೇಡ. ಮಾತ್ರೆ ಕೊಡೋಕೆ, ಟ್ರಾಲಿ ತಳ್ಳೋಕೆ, ಫೋನ್ ಎತ್ತೋಕೆ ಖಂಡಿತ ಬೇಡ. ಒಬ್ಬ ರೋಗಿಗೆ ಒಂದು ಜೊತೆ. ಮುಗಿದ ತಕ್ಷಣ ಬಿಚ್ಚಬೇಕು. ಬಿಚ್ಚಿದ ಮೇಲೆ ಕೈ ಶುದ್ಧ ಮಾಡಬೇಕು, ಯಾಕಂದ್ರೆ ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಿಚ್ಚುವಾಗ ಹೊರಗಿನ ಕೊಳೆ ಮಣಿಕಟ್ಟಿಗೆ ತಾಕುತ್ತೆ. ಗ್ಲೌಸ್ ಮೇಲೇ ಸ್ಯಾನಿಟೈಸರ್ ಸುರ್ಕೊಳ್ಳೋದನ್ನೂ ನೋಡಿದೀನಿ. ಅದು ಬೇಡ. ಗ್ಲೌಸ್ ಇರೋದು ಒಂದು ಸಲಕ್ಕೆ.

ವಿಶ್ವ ಆರೋಗ್ಯ ಸಂಸ್ಥೆಯವರು ಕೈ ಶುದ್ಧ ಮಾಡಬೇಕಾದ ಐದು ಗಳಿಗೆಗಳನ್ನ ಹೇಳಿದಾರೆ. ರೋಗಿಯನ್ನ ಮುಟ್ಟೋ ಮುಂಚೆ. ಕ್ಯಾನುಲಾ ಹಾಕೋದು, ಡ್ರೆಸ್ಸಿಂಗ್ ಮಾಡೋದು ಇಂಥ ಶುದ್ಧ ಕೆಲಸದ ಮುಂಚೆ. ರಕ್ತ-ಮೂತ್ರ ತಾಕಿದ ಮೇಲೆ. ರೋಗಿಯನ್ನ ಮುಟ್ಟಿದ ಮೇಲೆ. ಮಂಚ, ಲಾಕರ್, ಡ್ರಿಪ್ ಸ್ಟ್ಯಾಂಡ್ ಮುಟ್ಟಿದ ಮೇಲೆ. ಎರಡು 'ಮುಂಚೆ', ಮೂರು 'ಮೇಲೆ'. ನನ್ನ ಪ್ಯಾಡಿನಲ್ಲಿ 'ಮೇಲೆ' ಅನ್ನೋ ಕಾಲಂ ಪರವಾಗಿಲ್ಲ, ತುಂಬಿರುತ್ತೆ. ಖಾಲಿ ಇರೋದು 'ಮುಂಚೆ' ಅನ್ನೋದು. 'ಮೇಲೆ' ತೊಳೆದ್ರೆ ನಾನು ಉಳೀತೀನಿ. 'ಮುಂಚೆ' ತೊಳೆದ್ರೆ ರೋಗಿ ಉಳೀತಾರೆ. ಯಾರೂ ಕೆಟ್ಟವರಲ್ಲ, ಕೈಗೆ ತನ್ನ ಭಯ ಮೊದಲು ಗೊತ್ತಾಗುತ್ತೆ ಅಷ್ಟೆ. ಗ್ಲೌಸ್ ಮಾಡೋದೂ ಅದನ್ನೇ, 'ಮುಂಚೆ'ಯನ್ನ ನುಂಗಿ ಹಾಕುತ್ತೆ.

ಇದರ ಬಿಸಿ ಎಲ್ಲಕ್ಕಿಂತ ಹೆಚ್ಚು ತಟ್ಟೋದು ನವಜಾತ ಶಿಶುಗಳ ಘಟಕದಲ್ಲಿ. ಒಂದೂವರೆ ಕೆಜಿ ಮಗು. ಚರ್ಮ ಈರುಳ್ಳಿ ಸಿಪ್ಪೆ ಹಾಗೆ. ಕೈಯಲ್ಲೊಂದು ಕ್ಯಾನುಲಾ, ಮೂಗಲ್ಲೊಂದು ನಳಿಗೆ. ರಶ್ ಇದ್ದ ದಿನ ಒಂದೇ ವಾರ್ಮರ್ ಕೆಳಗೆ ಎರಡು ಮಕ್ಕಳು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಅಲ್ಲಿ ಶಿಶುಗಳ ರಕ್ತದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ. ಆಸ್ಪತ್ರೆಯ ಮಂಚ, ಸಿಂಕು, ಕೈಗಳ ಮೇಲೆ ಬದುಕೋದಕ್ಕೆ ಇವು ಹೆಸರುವಾಸಿ. ಬಹಳಷ್ಟು ಮಕ್ಕಳಿಗೆ ಸೋಂಕು ಕಾಣಿಸಿಕೊಂಡದ್ದು ಹುಟ್ಟಿದ ಮೊದಲ ಮೂರು ದಿನದೊಳಗೇ. ಮೆರೊಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬಂತು ಅಂದ್ರೆ ವೈದ್ಯರ ಹತ್ತಿರ ಉಳಿಯೋದು ಕೊಲಿಸ್ಟಿನ್‌ನಂಥ ಔಷಧ. ಕಿಡ್ನಿಗೆ ಪೆಟ್ಟು ಕೊಡುತ್ತೆ ಅಂತ ಒಂದು ಕಾಲಕ್ಕೆ ಬದಿಗಿಟ್ಟಿದ್ದ ಔಷಧ ಅದು. ಅದೂ ಕೆಲಸ ಮಾಡಲಿಲ್ಲ ಅಂದ್ರೆ ಹೊರಗಡೆ ಬೆಂಚಿನ ಮೇಲೆ ಕೂತ ತಾಯಿಗೆ ಹೇಳೋಕೆ ಮಾತು ಇರಲ್ಲ.

ಹಾಗಾದ್ರೆ ಯಾಕೆ ಕೈ ತೊಳೆಯಲ್ಲ? ಗೊತ್ತಿಲ್ಲದೇ ಅಂತೂ ಅಲ್ಲ. ನರ್ಸಿಂಗ್ ಮೊದಲ ವರ್ಷದಲ್ಲೇ ಎಲ್ಲರೂ ಕಲಿತಿರ್ತಾರೆ. ಲೆಕ್ಕ ಹಾಕಿ ನೋಡಿ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯೋಕೆ 40ರಿಂದ 60 ಸೆಕೆಂಡು. ಸಿಂಕು ಇರೋದು ವಾರ್ಡಿನ ಆ ತುದಿಯಲ್ಲಿ. ಹೋಗಿ ಬರೋಕೆ ಇನ್ನೊಂದು ನಿಮಿಷ. ಒರೆಸಿಕೊಳ್ಳೋಕೆ ಇರೋ ಟವೆಲ್ ಬೆಳಗ್ಗೆಯಿಂದ ಒದ್ದೆ. ಗಂಟೆಗೆ ಹದಿನೈದು ಸಲ ಕೈ ಶುದ್ಧ ಮಾಡಬೇಕಾದ ಕೆಲಸ ಇದ್ರೆ ಅರ್ಧ ಗಂಟೆ ಸಿಂಕಿಗೇ ಹೋಯ್ತು. ಮೂವತ್ತು ರೋಗಿಗೆ ಇಬ್ಬರು ಸಿಸ್ಟರ್ ಇರೋ ರಾತ್ರಿ ಪಾಳಿಯಲ್ಲಿ ಇದು ಆಗೋ ಮಾತೇ ಅಲ್ಲ. ಅಲ್ಲಿಗೆ ಹೋಗಿ ಉಪದೇಶ ಮಾಡೋದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಿಡಿಯೆ ಪಿಟೆ ಅನ್ನೋ ವೈದ್ಯರು 1990ರ ದಶಕದಲ್ಲಿ ಇದೇ ಲೆಕ್ಕ ಹಾಕಿದ್ರು. ಸಿಂಕಿಗೆ ನರ್ಸ್ ಹೋಗೋ ಬದಲು ಬಾಟಲಿಯೇ ಮಂಚದ ಹತ್ತಿರ ಬರಲಿ ಅಂತ ಆಲ್ಕೋಹಾಲ್ ಹ್ಯಾಂಡ್‌ರಬ್ ಇಡಿಸಿದ್ರು. ಅದಕ್ಕೆ 20ರಿಂದ 30 ಸೆಕೆಂಡು ಸಾಕು, ನಡೆಯೋದೂ ಇಲ್ಲ, ಒರೆಸೋದೂ ಇಲ್ಲ. ಮೂರು ವರ್ಷದಲ್ಲಿ ಕೈ ಶುದ್ಧಿ ನೂರಕ್ಕೆ 48ರಿಂದ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಅಂಟೋ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಇನ್ನೊಂದು ವಿಷಯವೂ ಅದೇ ವರದಿಯಲ್ಲಿದೆ: ಸುಧಾರಿಸಿದ್ದು ನರ್ಸ್‌ಗಳು ಮತ್ತು ಸಹಾಯಕರು, ವೈದ್ಯರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ನಾನು ಟ್ರೇನಿಂಗ್ ಮಾಡುವಾಗ ಈ ಸಾಲನ್ನ ಸ್ವಲ್ಪ ಜೋರಾಗಿ ಓದ್ತೀನಿ.

ಆ ಹ್ಯಾಂಡ್‌ರಬ್ ಏನೂ ಬ್ರಹ್ಮವಿದ್ಯೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 80 ಪರ್ಸೆಂಟ್ ಎಥನಾಲ್, ಚೂರು ಹೈಡ್ರೋಜನ್ ಪೆರಾಕ್ಸೈಡ್, ಚರ್ಮ ಒಡೆಯದಿರಲಿ ಅಂತ ಚೂರು ಗ್ಲಿಸರಿನ್. ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಬಹುದು. ಕೆಲವರು ಕೇಳ್ತಾರೆ, ನೂರಕ್ಕೆ ನೂರು ಸ್ಪಿರಿಟ್ ಹಾಕಿದ್ರೆ ಇನ್ನೂ ಒಳ್ಳೇದಲ್ವಾ ಅಂತ. ಇಲ್ಲ. ಕ್ರಿಮಿಯ ಪ್ರೋಟೀನ್ ಕೆಡಿಸೋಕೆ ಸ್ವಲ್ಪ ನೀರೂ ಬೇಕು. ಹಾಗೇ, ಕಣ್ಣಿಗೆ ಕಾಣೋ ಕೊಳೆ ಇದ್ರೆ, ಅಥವಾ ರೋಗಿಗೆ ಭೇದಿ ಇದ್ರೆ, ಸೋಪು ನೀರೇ ಸರಿ. ಕೆಲವು ಭೇದಿ ಕ್ರಿಮಿಗಳು ಆಲ್ಕೋಹಾಲಿಗೆ ಜಗ್ಗಲ್ಲ.

ಈಗ ಬಳೆ ವಿಷಯ. ಇದನ್ನ ಯಾವ ಪುಸ್ತಕವೂ ಸರಿಯಾಗಿ ಬರೆದಿಲ್ಲ. ಬ್ರಿಟನ್ನಿನಲ್ಲಿ 2008ರಿಂದ 'ಮೊಣಕೈ ಕೆಳಗೆ ಏನೂ ಇರಬಾರದು' ಅಂತ ನಿಯಮ ಇದೆ. ವಾಚು, ಉದ್ದ ತೋಳು ಯಾವುದೂ ಇಲ್ಲ. ಕಾರಣ ಸರಿಯಾಗೇ ಇದೆ, ಉಂಗುರದ ಅಡಿಯ ಚರ್ಮದಲ್ಲಿ ಕ್ರಿಮಿ ಹೆಚ್ಚು ಕೂತಿರುತ್ತೆ, ಬಳೆ ಇದ್ರೆ ಮಣಿಕಟ್ಟಿಗೆ ಹ್ಯಾಂಡ್‌ರಬ್ ತಲುಪಲ್ಲ. ಆದ್ರೆ ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳಿಗೆ 'ಕೈ ಬರಿದು ಮಾಡ್ಕೋ' ಅನ್ನೋದು ಸಣ್ಣ ಮಾತಲ್ಲ. ಸೀಮಂತ ಆಗಿ ಎರಡು ಕೈ ತುಂಬಾ ಹಸಿರು ಬಳೆ ಹಾಕ್ಕೊಂಡು ಡ್ಯೂಟಿಗೆ ಬಂದ ಹುಡುಗಿಗೆ ಬಿಚ್ಚು ಅನ್ನೋಕೆ ನನಗೂ ಬಾಯಿ ಬರಲ್ಲ. ಬಳೆ ಇಲ್ಲದ ಕೈ ನೋಡಿ 'ಯಾಕವ್ವಾ' ಅಂತ ಕೇಳೋ ಅಜ್ಜಿಯರು ಪ್ರತಿ ವಾರ್ಡಿನಲ್ಲೂ ಇದಾರೆ. ಕೊನೆಗೆ ಕೆಲಸ ಮಾಡಿದ್ದು ಸುತ್ತೋಲೆ ಅಲ್ಲ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ತಾವೇ ಬಳೆ ತೆಗೆದು ಚಿಕ್ಕ ಬಟ್ಟೆ ಚೀಲದಲ್ಲಿ ಹಾಕಿ ಲಾಕರ್‌ನಲ್ಲಿಟ್ಟು, ಡ್ಯೂಟಿ ಮುಗಿದ ಮೇಲೆ ಹಾಕ್ಕೊಂಡು ಮನೆಗೆ ಹೋಗೋಕೆ ಶುರು ಮಾಡಿದ್ರು. ತಾಳಿ ಕತ್ತಲ್ಲೇ ಇರಲಿ, ಸಮವಸ್ತ್ರದ ಒಳಗೆ. ಅವರನ್ನ ನೋಡಿ ಮಿಕ್ಕವರು. ಸೀಮಂತದ ಹುಡುಗಿಗೆ ಕ್ಯಾನುಲಾ, ಡ್ರೆಸ್ಸಿಂಗ್ ಬಿಟ್ಟು ಬೇರೆ ಕೆಲಸ ಕೊಟ್ವಿ. ಇಲ್ಲೊಂದು ಸಿಟ್ಟೂ ಇದೆ ನನಗೆ. ಹೆಣ್ಣುಮಕ್ಕಳ ಬಳೆ ಎಲ್ಲರ ಕಣ್ಣಿಗೂ ಬೀಳುತ್ತೆ. ಗಂಡಸರ ಮಣಿಕಟ್ಟಿನ ದೇವಸ್ಥಾನದ ದಾರ, ನೆಂದು ನೆಂದು ಕಪ್ಪಾಗಿರೋದು, ಚರ್ಮದ ಪಟ್ಟಿಯ ವಾಚು, ಇವನ್ನ ಕೇಳೋರಿಲ್ಲ.

ಇನ್ನು ರೋಗಿಯ ಕಡೆಯವರು. ನಮ್ಮ ಆಸ್ಪತ್ರೆಗಳಲ್ಲಿ ಇವರು ಲೆಕ್ಕಕ್ಕೆ ಸಿಗದ ಸಿಬ್ಬಂದಿ. ಮಗ್ಗುಲು ಬದಲಿಸೋದು, ಬೆಡ್‌ಪ್ಯಾನ್ ಇಡೋದು, ಯೂರಿನ್ ಬ್ಯಾಗ್ ಖಾಲಿ ಮಾಡೋದು ಎಲ್ಲಾ ಮಗಳೋ ಸೊಸೆಯೋ ಮಾಡ್ತಾರೆ. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲ್ಲ. ಆ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ ನೇತಾಡ್ತಿರಬೇಕು, ಆದ್ರೆ ನೆಲಕ್ಕೆ ತಾಕಬಾರದು. ಸ್ಕ್ಯಾನಿಂಗಿಗೆ ಸ್ಟ್ರೆಚರ್ ಮೇಲೆ ಒಯ್ಯುವಾಗ ಅದನ್ನ ರೋಗಿಯ ಹೊಟ್ಟೆ ಮೇಲೇ ಇಟ್ಟುಬಿಡ್ತಾರೆ. ಬ್ಯಾಗಲ್ಲಿದ್ದ ಮೂತ್ರ ವಾಪಸ್ ಒಳಗೆ ಹರಿಯುತ್ತೆ, ಜೊತೆಗೆ ಕ್ರಿಮಿ. ಖಾಲಿ ಮಾಡುವಾಗ ಪಕ್ಕದ ಬೆಡ್ಡಿನ ಮಗ್ ಇಸ್ಕೋಬೇಡಿ, ಬ್ಯಾಗಿನ ಮೂತಿ ಮಗ್ಗಿಗೆ ತಾಗಿಸಬೇಡಿ, ಮುಂಚೆಯೂ ಆಮೇಲೂ ಕೈ ಶುದ್ಧ ಮಾಡಿ. ಪಕ್ಕದ ಬೆಡ್ಡಿನವರಿಗೆ ಸಹಾಯ ಮಾಡೋದು ಒಳ್ಳೇ ಗುಣ, ನಡುವೆ ಒಂದು ಸಲ ಹ್ಯಾಂಡ್‌ರಬ್ ಹಚ್ಕೊಳ್ಳಿ, ಅಷ್ಟೆ.

ಗ್ಲೌಸ್ ಬೇಕಾದವರಿಗೆ ಸಿಗದೇ ಇರೋದೂ ಇದೆ. ಕಸದ ಚೀಲ ಎತ್ತೋ ಸ್ವಚ್ಛತಾ ಸಿಬ್ಬಂದಿ ಕೈಯಲ್ಲೂ ಅದೇ ತೆಳು ಗ್ಲೌಸ್. ಸೂಜಿ ಅದರೊಳಗೆ ಸಲೀಸಾಗಿ ಹೋಗುತ್ತೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಬಿಳಿ ಬಣ್ಣದ ಗಟ್ಟಿ ಡಬ್ಬಕ್ಕೇ ಹೋಗಬೇಕು. ಯಾರೋ ಅವಸರದಲ್ಲಿ ಹಳದಿ ಚೀಲಕ್ಕೆ ಎಸೆದಿರ್ತಾರೆ, ಚುಚ್ಚೋದು ಇವರಿಗೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗದೇ ಇರೋರೂ ಇವರಲ್ಲೇ ಜಾಸ್ತಿ, ಗುತ್ತಿಗೆ ಕೆಲಸ ನೋಡಿ. ಇವರಿಗೆ ಬೇಕಾದ್ದು ಮೊಣಕೈ ತನಕ ಬರೋ ದಪ್ಪ ರಬ್ಬರ್ ಗ್ಲೌಸ್, ಗಟ್ಟಿ ಬೂಟು. ಚುಚ್ಚಿದ್ರೆ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆಯೋ ಮಾತ್ರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರು ಆಗಬೇಕು. ಕೆಲಸ ಹೋಗುತ್ತೆ ಅಂತ ಹೆದರಿ ಹೇಳದೇ ಇರೋರೇ ಹೆಚ್ಚು.

ಕೊನೆಗೆ, ನೀವು ಏನು ಮಾಡಬಹುದು ಅಂತ ಕೇಳ್ತೀರಿ. ಕೇಳಿ ಅಂತೀನಿ. ನಿಮ್ಮವರನ್ನ ಮುಟ್ಟೋಕೆ ಬಂದವರನ್ನ, ಡಾಕ್ಟರೇ ಆಗಿರಲಿ, 'ಕೈಗೆ ಹ್ಯಾಂಡ್‌ರಬ್ ಹಚ್ಕೊಂಡ್ರಾ?' ಅಂತ ಮೆಲ್ಲಗೆ ಕೇಳಿ. ಗ್ಲೌಸ್ ಹಾಕಿದ್ರೆ 'ಇದು ಹೊಸದಾ?' ಅಂತ ಕೇಳಿ. ಕೆಲವರು ರೇಗಬಹುದು. ಬಹಳ ಜನ ಸುಮ್ನೆ ಹಚ್ಕೋತಾರೆ. ಬಾಟಲಿ ಖಾಲಿ ಇದೆ ಅಂದ್ರೆ ಆ ಸಿಸ್ಟರ್ ಮೇಲೆ ಕೂಗಾಡಬೇಡಿ, ಆಕೆ ಇಂಡೆಂಟ್ ಬರೆದು ವಾರ ಆಗಿರುತ್ತೆ. ಒಂದು ಚೀಟಿಯಲ್ಲಿ ವಾರ್ಡ್ ನಂಬರ್, ಬೆಡ್ ನಂಬರ್, ತಾರೀಕು ಬರೆದು ಸೂಪರಿಂಟೆಂಡೆಂಟ್ ಕಚೇರಿಗೆ ಕೊಟ್ಟುಬಿಡಿ. ನಾವು ಹತ್ತು ಸಲ ಬರೆದ್ರೂ ಬಾರದ ಬಾಟಲಿ, ರೋಗಿಯ ಕಡೆಯವರ ಒಂದು ಚೀಟಿಗೆ ಮಧ್ಯಾಹ್ನದೊಳಗೆ ಬಂದದ್ದನ್ನ ನೋಡಿದೀನಿ.