ಶನಿವಾರದ ಲಾಂಚು, ಸೋಮವಾರದ ಶಾಲೆ

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಕರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹಿರಿಯರು ಹೇಳಿದ್ದಾರೆ. ಶಿಕ್ಷಕರ ಕೆಲಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಅವರ ರಜೆಯ ಬಗ್ಗೆ, ಅದರಲ್ಲೂ ಮನೆಯಿಂದ ದೂರ ಇರುವ ಶಿಕ್ಷಕರ ವಾರದ ಕೊನೆಯ ಒಂದೂವರೆ ದಿನದ ಬಗ್ಗೆ ಮಾತಾಡುತ್ತೇನೆ. ವಿಷಯ ಸಣ್ಣದು ಅನ್ನಿಸಬಹುದು. ಆದರೆ ಇಲ್ಲಿ ಕುಳಿತಿರುವ ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಡಿ.ಇಡಿ., ಬಿ.ಇಡಿ. ಮಾಡುವವರು. ನೇಮಕದ ಆದೇಶ ಕೈಗೆ ಬಂದಾಗ ಊರಿನ ಹೆಸರು ಓದಿ ನಕಾಶೆ ಹುಡುಕುವ ದಿನ ನಿಮಗೂ ಬರಬಹುದು.

ನಾನು ಎರಡು ಭಾಷೆಯ ಮೇಷ್ಟ್ರು, ಆದ್ದರಿಂದ ಮೊದಲು ಪದಗಳ ಲೆಕ್ಕ. ಕನ್ನಡದಲ್ಲಿ ನಾವು ದಿನಾ ಬಳಸುವ ‘ರಜೆ’ ಅರಬ್ಬಿ ಮೂಲದ ‘ರಜಾ’ ಪದದಿಂದ ಬಂದದ್ದು. ಅದರ ಅರ್ಥ ಒಪ್ಪಿಗೆ. ಮೇಲಿನವರು ಒಪ್ಪಿದರೆ ರಜೆ. ಉರ್ದುವಿನ ‘ಛುಟ್ಟಿ’ ಬಂದದ್ದು ‘ಛೂಟ್‌ನಾ’ ಎಂಬ ಕ್ರಿಯಾಪದದಿಂದ. ಬಿಡುಗಡೆ ಹೊಂದುವುದು ಎಂದರ್ಥ. ನಮ್ಮ ಕನ್ನಡದ ‘ಬಿಡುವು’ ಪದವೂ ‘ಬಿಡು’ ಎಂಬುದರಿಂದಲೇ ಹುಟ್ಟಿದೆ. ರಜೆಯನ್ನು ಸರಕಾರ ಕೊಡುತ್ತದೆ. ಬಿಡುವು ಸಿಗುತ್ತದೋ ಇಲ್ಲವೋ ಎಂಬುದು ನಾವಿರುವ ಊರು, ಅಲ್ಲಿಯ ದಾರಿ, ಅಲ್ಲಿಯ ಜನ, ಇವುಗಳ ಮೇಲೆ ನಿಂತಿದೆ.

ಈಗ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿಗೆ ಹೋಗೋಣ. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ಹಿನ್ನೀರು ಹರಡಿ ಹಳ್ಳಿಗಳು, ಅಡಿಕೆ ತೋಟಗಳು ಮುಳುಗಿದವು. ತುಮರಿ ಮತ್ತು ಸುತ್ತಲಿನ ಕರೂರು ಹೋಬಳಿಯ ಊರುಗಳು ತಾಲೂಕು ಕೇಂದ್ರದಿಂದ ನೀರಿನಾಚೆ ಉಳಿದವು. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಗೆ ಈ ಶರಾವತಿ ಮುಳುಗಡೆಯೇ ಹಿನ್ನೆಲೆ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಹಿನ್ನೀರು ಎಂದರೇನು ಎಂದು ಬಾಗಲಕೋಟೆ ಜಿಲ್ಲೆಯ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ಬಂದದ್ದನ್ನು, ಜನ ಸಾಮಾನು ಕಟ್ಟಿಕೊಂಡು ನವನಗರಕ್ಕೆ ಹೋದದ್ದನ್ನು ನಮ್ಮ ಮನೆಯ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ತುಮರಿ ಭಾಗದ ಜನಕ್ಕೆ ಹಲವು ದಶಕ ಲಾಂಚೇ ಹೆದ್ದಾರಿ. ಜನ, ಬೈಕು, ಜೀಪು, ಬಸ್ಸು, ಎಲ್ಲವೂ ಅದರ ಮೇಲೆಯೇ ದಾಟಬೇಕು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬೆಳಗಿನವರೆಗೆ ದಾರಿ ಬಂದ್. ಬೇಸಿಗೆಯಲ್ಲಿ ನೀರು ತಗ್ಗಿದರೆ ವಾಹನ ಹತ್ತಿಸುವಂತಿಲ್ಲ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆ ಮನೆಯವರ ಸ್ಥಿತಿ ಏನಾಗಿರಬಹುದು, ಯೋಚಿಸಿ.

ಮಲೆನಾಡು ಮತ್ತು ಕರಾವಳಿಯ ಶಾಲೆಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಶಿಕ್ಷಕ-ಶಿಕ್ಷಕಿಯರು ಬಹಳ ಮಂದಿ ಕೆಲಸ ಮಾಡುತ್ತಾರೆ. ನನ್ನ ಪರಿಚಯದ ಒಬ್ಬರು ಲಾಂಚಿನ ದಿನಗಳಲ್ಲಿ ಆ ಭಾಗದಲ್ಲಿದ್ದರು. ಅವರು ಹೇಳಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನೀವೇ ಆ ಶಿಕ್ಷಕರು ಎಂದುಕೊಂಡು ಕೇಳಿ.

ಜೋಳದ ರೊಟ್ಟಿ ತಿಂದು ಬೆಳೆದವರು ನೀವು. ಅಲ್ಲಿ ಮೂರು ಹೊತ್ತೂ ಅನ್ನ. ಇಲ್ಲಿ ಮಳೆಗಾಗಿ ಮುಗಿಲು ನೋಡುತ್ತಿದ್ದವರು. ಅಲ್ಲಿ ಜೂನಿನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಒಗೆದ ಅಂಗಿ ಒಣಗುವುದಿಲ್ಲ. ನೀವು ‘ಉಳ್ಳಾಗಡ್ಡಿ’ ಎಂದರೆ ಹುಡುಗರು ನಗುತ್ತಾರೆ. ಭಾಷೆ ಕನ್ನಡವೇ, ಆದರೂ ಮೊದಲ ತಿಂಗಳು ನೀವು ಪರದೇಶಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ತಕ್ಷಣ ಚೀಲ ಹೆಗಲಿಗೆ. ಲಾಂಚು ದಾಟಿ, ಸಾಗರದ ಬಸ್ಸು ಹಿಡಿದು, ಅಲ್ಲಿಂದ ಶಿರಸಿ, ಹುಬ್ಬಳ್ಳಿ, ಬಾಗಲಕೋಟೆ ಮುಟ್ಟಿ, ತುಳಸಿಗೇರಿಗೆ ಮತ್ತೊಂದು ಬಸ್ಸು. ಮನೆಗೆ ಬಂದು ತಾಯಿಯ ಕೈಯ ಊಟ ಮಾಡಿ ಅಡ್ಡಾಗುವಷ್ಟರಲ್ಲಿ ಹೊರಡುವ ಹೊತ್ತು. ರವಿವಾರದ ರಾತ್ರಿಯೂ ಬಸ್ಸಿನಲ್ಲಿಯೇ. ಇದು ರಜೆ ಹೌದು, ಬಿಡುವು ಅಲ್ಲ.

ಆ ಶಿಕ್ಷಕರು ಒಂದು ಶನಿವಾರ ಲಾಂಚಿಗೆ ಹೊರಟಾಗ ಮೂರನೇ ತರಗತಿಯ ಒಬ್ಬ ಹುಡುಗ ಹಿಂದೆಯೇ ಬಂದು ಕೇಳಿದನಂತೆ: “ಸರ್, ಸೋಮವಾರ ನೀವು ಬರ್ತೀರಿ ಅಲ್ದಾ?” ಇವರು, “ಬರ್ತೀನಪ್ಪಾ, ಯಾಕ ಹಂಗ ಕೇಳ್ತಿ?” ಎಂದರೆ, “ಹಿಂದಿನ ಸರ್ ಹೀಂಗೇ ಹೋದವರು ಬರ್ಲೇ ಇಲ್ಲ” ಎಂದನಂತೆ. ವಿದ್ಯಾರ್ಥಿಗಳೇ, ವರ್ಗಾವಣೆ ನಮಗೆ ಒಂದು ಕಾಗದ. ಮಗುವಿಗೆ ಅದು ಒಬ್ಬ ಮನುಷ್ಯ ಹೇಳದೆ ಹೋದ ಹಾಗೆ.

ಹಾಗೆಂದು ಶಿಕ್ಷಕ ಊರು ಬಿಟ್ಟು ಕದಲಬಾರದು ಎಂದು ನಾನು ಹೇಳುವುದಿಲ್ಲ. ವಾರವೆಲ್ಲ ಒಂದೇ ಅಂಗಳ, ಒಂದೇ ನೀರು ನೋಡಿದವನಿಗೆ ಎರಡು ದಿನ ಬೇರೆ ಗಾಳಿ ಬೇಕೇ ಬೇಕು. ಆ ಶಿಕ್ಷಕರು ಆಮೇಲೆ ಒಂದು ಉಪಾಯ ಮಾಡಿದರು. ತಿಂಗಳಿಗೆ ಒಮ್ಮೆ ಊರು. ಉಳಿದ ವಾರಗಳಲ್ಲಿ ಸಾಗರದ ಸುತ್ತ ಅಲೆದಾಟ. ಕೆಳದಿಯ ವಸ್ತು ಸಂಗ್ರಹಾಲಯ, ಇಕ್ಕೇರಿಯ ದೇವಾಲಯ, 253 ಮೀಟರ್ ಆಳಕ್ಕೆ ಬೀಳುವ ಜೋಗ, ಗಂಧದ ಮರ ಕೆತ್ತುವ ಗುಡಿಗಾರರ ಮನೆ, ಎಲ್ಲ ನೋಡಿದರು. 1949ರಲ್ಲಿ ಹೆಗ್ಗೋಡು ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದ ನೀನಾಸಮ್‌ನಲ್ಲಿ ನಾಟಕ ನೋಡಿದರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಸೋಮವಾರ ಮರಳುವಾಗ ಅವರ ಚೀಲದಲ್ಲಿ ಪುಸ್ತಕ, ಬಣ್ಣದ ಕಾಗದ, ಹುಡುಗರಿಗೆ ಹೇಳಲು ಒಂದು ಹೊಸ ಕಥೆ ಇರುತ್ತಿತ್ತು. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗರು ನಾಟಕ ಆಡಿದರು. ಉಳ್ಳಾಗಡ್ಡಿಗೆ ನಗುತ್ತಿದ್ದವರೇ ನಾಟಕದಲ್ಲಿ ನಮ್ಮ ಕಡೆಯ ಮಾತು ಆಡಿದರು.

ದೂರದ ಜಪಾನಿನಲ್ಲೂ ಇದೇ ಕಥೆ ಇದೆ. ಅಲ್ಲಿ 1987ರಿಂದ ‘ಜೆಟ್’ ಎಂಬ ಸರಕಾರಿ ಯೋಜನೆಯಲ್ಲಿ ಇಂಗ್ಲಿಷ್ ಕಲಿಸಲು ವಿದೇಶಗಳ ತರುಣ ತರುಣಿಯರನ್ನು ಕರೆಸುತ್ತಾರೆ. ಕೆಲವರಿಗೆ ದೂರದ ದ್ವೀಪಗಳ ಶಾಲೆ ಸಿಗುತ್ತದೆ. ಅವರೂ ವಾರದ ಕೊನೆಗೆ ಹಡಗು ಹತ್ತಿ ಪೇಟೆಗೆ ಹೋಗುತ್ತಾರೆ. ಸಮುದ್ರ ಕೆರಳಿದರೆ ಹಡಗು ಇಲ್ಲ, ಇದ್ದಲ್ಲಿಯೇ ಇರಬೇಕು. ಒಗಸವಾರಾ ಎಂಬ ದ್ವೀಪಗಳು ಟೋಕಿಯೋದಿಂದ ಸುಮಾರು 1000 ಕಿ.ಮೀ. ದೂರ. ವಿಮಾನ ನಿಲ್ದಾಣವಿಲ್ಲ, ಹಡಗಿನಲ್ಲಿ 24 ಗಂಟೆ. ಅಲ್ಲಿಯವರಿಗೆ ವಾರದ ಕೊನೆಗೆ ಪೇಟೆಗೆ ಹೋಗಿಬರುವ ಮಾತೇ ಇಲ್ಲ. ಆದರೆ ಆ ದೇಶ ಒಂದು ಕೆಲಸ ಮಾಡಿತು. ಯುದ್ಧದಲ್ಲಿ ಸೋತು ಒಂಬತ್ತೇ ವರ್ಷಕ್ಕೆ, 1954ರಲ್ಲಿ, ದುರ್ಗಮ ಪ್ರದೇಶದ ಶಾಲೆಗಳಿಗಾಗಿ ಪ್ರತ್ಯೇಕ ಕಾನೂನು ತಂದಿತು. ಅಂಥ ಶಾಲೆಗಳ ಶಿಕ್ಷಕರಿಗೆ ವಿಶೇಷ ಭತ್ಯೆ, ವಾಸಕ್ಕೆ ಮನೆ ಒದಗಿಸುವ ಹೊಣೆ, ಎಲ್ಲವನ್ನೂ ಅದರಲ್ಲಿ ಬರೆದರು. ದೂರದ ಮಗುವಿಗೂ ಒಳ್ಳೆಯ ಶಿಕ್ಷಕ ಬೇಕಾದರೆ ಆ ಶಿಕ್ಷಕ ಅಲ್ಲಿ ನೆಮ್ಮದಿಯಿಂದ ಇರಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ.

ನಮ್ಮಲ್ಲೂ ಪ್ರಯತ್ನ ನಡೆದಿದೆ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆ ಬಂತು. ಶಾಲೆಗಳನ್ನು ಎ, ಬಿ, ಸಿ ವಲಯ ಎಂದು ವಿಂಗಡಿಸಿ, ಹಳ್ಳಿಗಾಡಿನ ಸೇವೆಗೆ ಬೆಲೆ ಕೊಡುವ ಕ್ರಮ ಇದೆ. ಆದರೆ ಅದು ಹೊರಗೆ ಬರುವ ದಾರಿಯ ನಿಯಮ. ಇದ್ದಷ್ಟು ದಿನ ಚೆನ್ನಾಗಿ ಇರುವುದಕ್ಕೆ ಮನೆ ಬೇಕು, ದಾರಿ ಬೇಕು, ನೆರೆಹೊರೆ ಬೇಕು. ದಾರಿಯ ಮಟ್ಟಿಗೆ ತುಮರಿಯ ಜನರ ಕಾಯುವಿಕೆ ಮುಗಿದಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಅಣೆಕಟ್ಟು ಕಟ್ಟಿ ಅರುವತ್ತೊಂದು ವರ್ಷದ ಮೇಲೆ. ನಮ್ಮ ಕೃಷ್ಣೆಯಲ್ಲೂ ನಡುಗಡ್ಡೆಗಳಿವೆ. ಕೂಡಲಸಂಗಮದಿಂದ ಕೆಳಗೆ ನಾರಾಯಣಪುರ ಜಲಾಶಯದ ಗೇಟು ತೆರೆದರೆ ಲಿಂಗಸುಗೂರು ತಾಲೂಕಿನ ಗಡ್ಡಿಗಳ ಜನರಿಗೆ ಆಚೆ ದಡ ದೂರವಾಗುತ್ತದೆ. ರಾಯಚೂರು ತಾಲೂಕಿನ ಕುರ್ವಕುರ್ದಾ, ಕುರ್ವಕಲಾದಂಥ ಊರುಗಳಿಗೆ ಹರಿಗೋಲಿನಲ್ಲಿ ದಾಟಿ ಪಾಠ ಮಾಡಿದ ಶಿಕ್ಷಕರಿದ್ದಾರೆ. ಅವರನ್ನು ಯಾವ ವೇದಿಕೆಯೂ ಕರೆದು ಶಾಲು ಹೊದಿಸಲಿಲ್ಲವಾದರೂ ಅವರು ದಾಟಿದ ನೀರು ಸುಳ್ಳಲ್ಲ.

ಕೊನೆಯದಾಗಿ ನಮ್ಮ ಊರಿನ ಮಾತು. ತುಳಸಿಗೇರಿಗೆ ನೀರಿನ ಅಡ್ಡಿ ಇಲ್ಲ, ಬಸ್ಸಿದೆ, ರಸ್ತೆ ಇದೆ. ಆದರೂ ದಕ್ಷಿಣದ ಜಿಲ್ಲೆಯಿಂದ ನಮ್ಮ ಭಾಗದ ಶಾಲೆಗೆ ಬಂದ ಒಬ್ಬ ಶಿಕ್ಷಕಿಗೆ ಇದೂ ದ್ವೀಪವೇ. ಬಿಸಿಲು ಹೊಸದು, ಊಟ ಹೊಸದು, ನಮ್ಮ ಜೋರು ಮಾತು ಜಗಳದಂತೆ ಕೇಳುತ್ತದೆ. ಒಂಟಿ ಹೆಣ್ಣುಮಗಳಿಗೆ ಬಾಡಿಗೆ ಮನೆ ಕೊಡಲು ನಾವು ನೂರು ಪ್ರಶ್ನೆ ಕೇಳುತ್ತೇವೆ. ಮರುವರ್ಷ ಆಕೆ ವರ್ಗಾವಣೆ ಕೇಳಿದರೆ, “ಇಲ್ಲಿ ಯಾರೂ ನಿಲ್ಲೋದಿಲ್ಲ ಬಿಡ್ರಿ” ಎನ್ನುತ್ತೇವೆ. ನಿಲ್ಲುವಂತೆ ನಾವು ಏನು ಮಾಡಿದೆವು?

ಈ ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ ಎರಡೇ. ಹೊರಗಿನಿಂದ ಬಂದ ಶಿಕ್ಷಕರಿಗೆ, ಅವರು ಯಾವ ಶಾಲೆಯವರೇ ಇರಲಿ, ಯಾವ ಜಾತಿ ಧರ್ಮದವರೇ ಇರಲಿ, ಯೋಗ್ಯ ಬಾಡಿಗೆಗೆ ಮನೆ ಹುಡುಕಿಕೊಡುವ ಜವಾಬ್ದಾರಿ ನಾವು ಹೊರೋಣ. ಎರಡನೆಯದು, ತಿಂಗಳಿಗೆ ಒಂದು ರವಿವಾರ ಅವರನ್ನು ನಮ್ಮ ನಾಡು ತೋರಿಸಲು ಕರೆದೊಯ್ಯೋಣ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆ, ಅಲ್ಲಿಯೇ ಅಗಸ್ತ್ಯತೀರ್ಥದ ಬಳಿಯ ಗೋರಿ, ರವಿಕೀರ್ತಿಯ ಶಾಸನವಿರುವ ಐಹೊಳೆಯ ಮೇಗುತಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು. ಇಲಕಲ್ಲಿನಲ್ಲಿ ಮಗ್ಗದ ಮುಂದೆ ಕುಳಿತು ಸೆರಗಿನ ಟೋಪಿತೆನಿ ಹೇಗೆ ಏಳುತ್ತದೆ ಎಂದು ನೋಡಲಿ. ಬರುವಾಗ ಅಮೀನಗಡದ ಕರದಂಟು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಮನೆಯಿಂದ ಹೋಗಲಿ. ಇದಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.

ವಿದ್ಯಾರ್ಥಿಗಳೇ, ನೀವು ಶಿಕ್ಷಕರಾಗಿ ದೂರ ಹೋದರೆ ರಜೆಯಲ್ಲಿ ಸಂಕೋಚವಿಲ್ಲದೆ ಹೊರಗೆ ಹೋಗಿ ಬನ್ನಿ. ಹೊರಡುವ ಮೊದಲು ಹುಡುಗರಿಗೆ ಹೇಳಿ ಹೋಗಿ. ಸೋಮವಾರ ಅವರಿಗೆಂದು ಏನಾದರೊಂದು ತನ್ನಿ.